ಮಗಳು ಕ್ಯಾನ್ಸರ್ ಸಂಶೋಧನೆಗೆ ಹೋಗ್ತೀನಿ ಅಂತಾಳೆ, ಏನು ಹೇಳಲಿ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು. ಮಗಳು ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಆರು ವರ್ಷದ ಹಿಂದೆ ನನ್ನ ಹೆಂಡತಿಗೆ 41ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಯಿತು. ಬೆಂಗಳೂರಿನಲ್ಲಿ ಚಿಕಿತ್ಸೆ ಕೊಡಿಸಿದೆವು, ಈಗ ಆರಾಮಾಗಿದ್ದಾಳೆ. ಅವಳ ಅಕ್ಕ ಮಾತ್ರ ಅದೇ ಕಾಯಿಲೆಯಲ್ಲಿ ತೀರಿಕೊಂಡರು. ಈಗ ಮಗಳು ಎಂಎಸ್ಸಿ, ಆಮೇಲೆ ಪಿಎಚ್‌ಡಿ ಮಾಡಿ ಕ್ಯಾನ್ಸರ್ ಜೀನ್, ರೋಗನಿರೋಧಕ ಶಕ್ತಿ ಅಂತ ಸಂಶೋಧನೆ ಮಾಡ್ತೀನಿ ಎಂದು ಹಟ ಹಿಡಿದಿದ್ದಾಳೆ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಾಕ್ಟರ್ ಓದದೆ ಕ್ಯಾನ್ಸರ್ ಬಗ್ಗೆ ಏನು ಮಾಡ್ತಾಳೆ, ಸುಮ್ನೆ ಬಿ.ಎಡ್ ಮಾಡಿಸಿ ಅಂತಾರೆ. ಹತ್ತು ವರ್ಷ ಸಂಬಳ ಇಲ್ಲ ಅಂತಾರೆ. ಮನೆಯಲ್ಲೇ ಆ ಕಾಯಿಲೆ ಇರುವಾಗ ದಿನಾ ಕ್ಯಾನ್ಸರ್ ಕಣ ಮುಟ್ಟುತ್ತಿದ್ದರೆ ಅವಳಿಗೂ ಬರುತ್ತದೆ ಅಂತಾರೆ. ನನಗೆ ಇನ್ನೊಂದು ಯೋಚನೆ: ತನಗೂ ಬರಬಹುದು ಎಂಬ ಹೆದರಿಕೆಯಿಂದ ಇದನ್ನು ಆರಿಸಿಕೊಂಡಳಾ? ಕೇಳಲು ಧೈರ್ಯ ಬರುತ್ತಿಲ್ಲ. ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಇದು ಮಗಳ ಕೆಲಸದ ಪ್ರಶ್ನೆ ಅನ್ನಿಸಿತು. ಎರಡನೇ ಸಲ ಓದಿದಾಗ, ಕೊನೆಯ ಎರಡು ಸಾಲಿಗಾಗಿಯೇ ನೀವು ಉಳಿದದ್ದನ್ನೆಲ್ಲ ಬರೆದಿದ್ದೀರಿ ಅನ್ನಿಸಿತು. ನಿಮ್ಮ ಮನೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಮಗಳು ಏನು ಓದಬೇಕು ಅನ್ನುವುದು ಒಂದು. ಮಗಳಿಗೆ ತಾಯಿಯ ಕಾಯಿಲೆ ಬರುತ್ತದಾ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಇದೆ. ಆದರೆ ಒಂದರ ಉತ್ತರವನ್ನು ಇನ್ನೊಂದರಲ್ಲಿ ಹುಡುಕಿದರೆ ಎರಡೂ ಕೆಡುತ್ತವೆ.

ಮೊದಲು ಆ ಮುಟ್ಟುವ ಮಾತು. ಇದನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ನನ್ನ ಊರು ಆಲೂರಿನ ಹತ್ತಿರ. ಲ್ಯಾಬ್ ಸೇರಿದ ಹೊಸದರಲ್ಲಿ ಹಬ್ಬಕ್ಕೆ ಊರಿಗೆ ಹೋದಾಗ ಸೋದರತ್ತೆಯೊಬ್ಬರು ನನ್ನ ಲೋಟ ಬೇರೆ ಇಟ್ಟಿದ್ದರು. ಬೇಜಾರಾಯಿತು, ಆದರೆ ಅವರಿಗೆ ತಿಳಿಸಿ ಹೇಳಿದವರು ಯಾರು? ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ. ಲ್ಯಾಬಿನಲ್ಲಿ ನಾವು ಬೆಳೆಸುವುದು ಬೇರೊಬ್ಬರ ದೇಹದಿಂದ ಬಂದ ಕಣಗಳನ್ನು. ಜಗತ್ತಿನ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೆಯುತ್ತಿರುವ ಹೀಲಾ ಕಣಗಳು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗಡ್ಡೆಯಿಂದ ತೆಗೆದವು. ಇಂಥ ಕಣ ನಮ್ಮ ಮೈ ಒಳಗೆ ಹೋದರೂ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯ ಎಂದು ಗುರುತಿಸಿ ಕೊಂದು ಹಾಕುತ್ತದೆ. ಬೇರೆಯವರ ಕಿಡ್ನಿ ಹಾಕಿಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗುವುದೂ ಇದೇ ಕಾರಣಕ್ಕೆ. ಸೂಜಿ ಚುಚ್ಚಿಕೊಂಡು ಆ ಜಾಗದಲ್ಲಿ ಸಣ್ಣ ಗಡ್ಡೆ ಬೆಳೆದ ತೀರಾ ಅಪರೂಪದ ಪ್ರಕರಣ ದಾಖಲಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಸೂಜಿಯ ವಿಷಯ, ಮುಟ್ಟುವುದರ ವಿಷಯ ಅಲ್ಲ. ತಾಯಿಗೆ ಕಾಯಿಲೆ ಬಂದಿತ್ತು ಎಂಬ ಕಾರಣಕ್ಕೆ ಮಗಳಿಗೆ ಈ ಕಣಗಳಿಂದ ಜಾಸ್ತಿ ಅಪಾಯ ಎಂಬುದೂ ಸುಳ್ಳು.

ಲ್ಯಾಬಿನಲ್ಲಿ ನಿಜವಾದ ಅಪಾಯಗಳು ಬೇರೆ ಇವೆ. ಫಾರ್ಮಲಿನ್, ಡಿಎನ್‌ಎಗೆ ಬಣ್ಣ ಹಾಕುವ ಇಥಿಡಿಯಂ ಬ್ರೋಮೈಡ್, ಅತಿನೇರಳೆ ದೀಪ, ಕೆಲವು ಪ್ರಯೋಗಗಳಲ್ಲಿ ಬಳಸುವ ವೈರಸ್. ಗ್ಲೌಸ್, ಗಾಳಿ ಹೀರುವ ಹುಡ್, ಶಿಸ್ತು, ಇಷ್ಟಿದ್ದರೆ ಸಾಕು. ತೋಟದಲ್ಲಿ ಮಾಸ್ಕ್ ಇಲ್ಲದೆ ಔಷಧಿ ಹೊಡೆಯುವವರನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ನನಗೆ ನಿಮ್ಮ ಮಗಳಿಗಿಂತ ಜಾಸ್ತಿ ಚಿಂತೆ.

ಇನ್ನು ಡಾಕ್ಟರ್ ಓದದವಳು ಏನು ಮಾಡ್ತಾಳೆ ಅನ್ನುವುದು. ಸ್ತನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಜೀನಿನ ಮೂಲಕವೇ ಇಳಿದು ಬರುತ್ತದೆ ಎಂದು ತೋರಿಸಿಕೊಟ್ಟ ಮೇರಿ ಕ್ಲೇರ್ ಕಿಂಗ್ ವೈದ್ಯೆ ಅಲ್ಲ. ಅವರು ಕಾಲೇಜಿನಲ್ಲಿ ಓದಿದ್ದು ಗಣಿತ, ಪಿಎಚ್‌ಡಿ ಮಾಡಿದ್ದು ತಳಿಶಾಸ್ತ್ರದಲ್ಲಿ. 1970ರ ದಶಕದಲ್ಲಿ ಅವರು ಈ ಕೆಲಸ ಶುರು ಮಾಡಿದಾಗ ಹೆಚ್ಚಿನವರು ನಂಬಲಿಲ್ಲ. 1990ರಲ್ಲಿ ಆ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. ಅದೇ ಇವತ್ತು ಎಲ್ಲರೂ ಹೇಳುವ ಬಿಆರ್‌ಸಿಎ1. ನಮ್ಮಲ್ಲೇ ಹೇಳುವುದಾದರೆ ಪುಣೆಯಲ್ಲಿ ಹುಟ್ಟಿದ ಕಮಲ್ ರಣದಿವೆ ಇದ್ದರು. ಮುಂಬೈನ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದುಡಿದರು, ಸ್ತನ ಕ್ಯಾನ್ಸರಿಗೂ ವಂಶಕ್ಕೂ ಇರುವ ನಂಟನ್ನು ಆ ಕಾಲದಲ್ಲೇ ಹುಡುಕಿದರು, 1982ರಲ್ಲಿ ಪದ್ಮಭೂಷಣ ಪಡೆದರು. ಅವರೂ ವೈದ್ಯೆಯಲ್ಲ. ಇನ್ನು ಜೇಮ್ಸ್ ಆಲಿಸನ್. ಟೆಕ್ಸಾಸಿನ ಆಲಿಸ್ ಎಂಬ ಚಿಕ್ಕ ಊರಿನವರು. ಹುಡುಗನಾಗಿದ್ದಾಗಲೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರೂ ಪಿಎಚ್‌ಡಿಯವರೇ. ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಕೆಲಸಕ್ಕೆ 2018ರಲ್ಲಿ ಜಪಾನಿನ ತಸುಕು ಹೊಂಜೊ ಜೊತೆ ನೊಬೆಲ್ ಬಂತು. ಇವರ ಹೆಸರು ಹೇಳಿದ್ದು ನಿಮ್ಮ ಮಗಳಿಗೂ ನೊಬೆಲ್ ಬರುತ್ತದೆ ಅನ್ನುವುದಕ್ಕಲ್ಲ. ತಾಯಿಯ ಕಾಯಿಲೆ ನೋಡಿ ಈ ದಾರಿಗೆ ಬಂದವರು ಬಹಳ ಜನ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ ಅನ್ನುವುದಕ್ಕೆ.

ಅವಳು ಓದಬೇಕೆಂದಿರುವುದು ಏನು ಅಂತ ನಿಮಗೂ ಸ್ವಲ್ಪ ಗೊತ್ತಿರಲಿ. ನಿಮ್ಮ ಕಡೆ ಆನೆ ಕಾಟ ಇದೆ, ಹಾಗಾಗಿ ಹೀಗೆ ಹೇಳುತ್ತೇನೆ. ತೋಟದ ಸುತ್ತ ಆನೆ ಕಂದಕ, ಅದರ ಒಳಗೆ ಸೋಲಾರ್ ಬೇಲಿ ಅಂದುಕೊಳ್ಳಿ. ನಮ್ಮ ಒಂದೊಂದು ಕಣದಲ್ಲೂ ಕಾವಲು ಕಾಯುವ ಜೀನುಗಳಿವೆ, ಎಲ್ಲವೂ ಎರಡೆರಡು ಪ್ರತಿ: ತಾಯಿಯಿಂದ ಒಂದು, ತಂದೆಯಿಂದ ಒಂದು. ಬಹುತೇಕರಿಗೆ ಈ ಎರಡೂ ಸರಿಯಾಗಿರುತ್ತವೆ. ವಯಸ್ಸಾಗುತ್ತಾ ಯಾವುದೋ ಒಂದು ಕಣದಲ್ಲಿ ಎರಡೂ ಕೆಟ್ಟರೆ ಮಾತ್ರ ತೊಂದರೆ. ಕೆಲವರಿಗೆ ಹುಟ್ಟುವಾಗಲೇ ಕಂದಕ ಮುಚ್ಚಿ ಹೋಗಿರುತ್ತದೆ, ಬೇಲಿ ಒಂದೇ ಉಳಿದಿರುತ್ತದೆ. ಆನೆ ಬಂದೇ ಬರುತ್ತದೆ ಎಂದಲ್ಲ, ಬರುವುದು ಸುಲಭ. ಬಂದರೆ ಹೆಚ್ಚಾಗಿ ಚಿಕ್ಕ ವಯಸ್ಸಿಗೇ ಬರುತ್ತದೆ. ಇದನ್ನು 1971ರಲ್ಲಿ ಆಲ್ಫ್ರೆಡ್ ನಡ್ಸನ್ ಕಣ್ಣಿನ ಗಡ್ಡೆ ಇದ್ದ 48 ಮಕ್ಕಳ ಲೆಕ್ಕ ಇಟ್ಟುಕೊಂಡು ಹೇಳಿದರು. ಜೀನ್ ಯಾವುದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಬರೀ ಲೆಕ್ಕ! ನನಗೆ ಇವತ್ತಿಗೂ ಅದು ಈ ಕ್ಷೇತ್ರದ ಅತಿ ಚಂದದ ಕೆಲಸ.

ರೋಗನಿರೋಧಕ ಶಕ್ತಿಯ ಕಡೆಯದು ಬೇರೆ ಕಥೆ. ನಮ್ಮ ರಕ್ತದ ಟಿ ಕಣಗಳು ಕಾವಲು ನಾಯಿಗಳಿದ್ದಂತೆ. ಮನೆಯವರನ್ನು ಕಚ್ಚಬಾರದು ಎಂದು ಅವಕ್ಕೆ ಚೈನು ಕಟ್ಟಿರುತ್ತದೆ. ಕ್ಯಾನ್ಸರ್ ಮಾಡುವ ಮೋಸ ಎಂದರೆ ಆ ಚೈನನ್ನು ಎಳೆದು ಹಿಡಿದುಕೊಳ್ಳುವುದು. ಆಲಿಸನ್ ಮತ್ತು ಹೊಂಜೊ ಕಂಡುಕೊಂಡದ್ದು ಚೈನು ಬಿಚ್ಚುವ ಉಪಾಯ. ಅದರಿಂದ ಬಂದ ಮೊದಲ ಔಷಧಿಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಚೈನು ಬಿಚ್ಚಿದ ನಾಯಿ ಕೆಲವೊಮ್ಮೆ ಮನೆಯವರನ್ನೂ ಕಚ್ಚುತ್ತದೆ. ಕರುಳು, ಥೈರಾಯ್ಡ್, ಶ್ವಾಸಕೋಶಕ್ಕೆ ತೊಂದರೆ ಆಗುವುದುಂಟು. ಎಲ್ಲರಿಗೂ ಕೆಲಸ ಮಾಡುವುದೂ ಇಲ್ಲ. ಯಾರಿಗೆ ಮಾಡುತ್ತದೆ ಅನ್ನುವುದರಲ್ಲಿ ಮತ್ತೆ ಜೀನ್ ಬರುತ್ತದೆ. ಗಡ್ಡೆಯಲ್ಲಿ ಜೀನಿನ ತಪ್ಪುಗಳು ತುಂಬಾ ಇದ್ದರೆ ಅದು ಟಿ ಕಣಗಳ ಕಣ್ಣಿಗೆ ಬೇಗ ಬೀಳುತ್ತದೆ. ಅದಕ್ಕೇ ಈಗ ಈ ಎರಡು ವಿಷಯಗಳನ್ನು ಒಟ್ಟಿಗೆ ಓದುವುದು. ನಿಮ್ಮ ಮಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾಳೆ ಅಂದರೆ ಸುಮ್ನೆ ಮಾತಾಡುತ್ತಿಲ್ಲ, ಏನೋ ಓದಿಕೊಂಡಿದ್ದಾಳೆ.

ಮತ್ತೆ ಇದೆಲ್ಲ ಅಮೆರಿಕದ ಮಾತಲ್ಲ. ರೋಗಿಯ ಟಿ ಕಣಗಳನ್ನೇ ತೆಗೆದು, ಜೀನ್ ಸೇರಿಸಿ, ವಾಪಸ್ ಬಿಡುವ ಕಾರ್-ಟಿ ಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಸೇರಿ ಇಲ್ಲೇ ಮಾಡಿದ್ದಾರೆ. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಅದು. 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಇಂಥ ಮೊದಲ ಚಿಕಿತ್ಸೆ 2017ರಲ್ಲಿ ಬಂದಾಗ ಬೆಲೆ 4,75,000 ಡಾಲರ್ ಇತ್ತು. ಇಲ್ಲಿನದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಹಾಗಂದರೂ ಲಕ್ಷಗಟ್ಟಲೆ, ನಮ್ಮಂಥವರಿಗೆ ದೂರದ ಮಾತು. ಕಡಿಮೆ ಮಾಡುವ ಕೆಲಸ ಬಾಕಿ ಇದೆ, ಅದನ್ನು ಮಾಡುವವರು ಬೇಕು.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ಹತ್ತು ವರ್ಷ ಸಂಬಳ ಇಲ್ಲ ಅನ್ನುವುದು ಅರ್ಧ ಸುಳ್ಳು. ಎಂಎಸ್ಸಿ ಎರಡು ವರ್ಷ ನೀವೇ ನೋಡಿಕೊಳ್ಳಬೇಕು. ಆಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್, ಜೈವಿಕ ತಂತ್ರಜ್ಞಾನ ಇಲಾಖೆಯ ಬಿಇಟಿ, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ಇಂಥ ಪರೀಕ್ಷೆಗಳಲ್ಲಿ ಒಂದನ್ನು ಗೆದ್ದು ಫೆಲೋಶಿಪ್ (ಸಂಶೋಧನೆ ಮಾಡುವಾಗ ಸಿಗುವ ತಿಂಗಳ ಹಣ) ಪಡೆದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ಮನೆಗೆ ಕಳಿಸುವಷ್ಟು ಉಳಿಯದಿರಬಹುದು, ಮನೆಯಿಂದ ತರಿಸಿಕೊಳ್ಳುವ ಅಗತ್ಯ ಇಲ್ಲ.

ಸತ್ಯವಾದ ಅರ್ಧ ಯಾವುದು ಅಂತಲೂ ಹೇಳಬೇಕಲ್ವಾ. ಫೆಲೋಶಿಪ್ ಐದು ವರ್ಷಕ್ಕೆ ಮುಗಿಯುತ್ತದೆ, ಪಿಎಚ್‌ಡಿ ಎಷ್ಟೋ ಸಲ ಆರನೇ ವರ್ಷಕ್ಕೆ ಎಳೆಯುತ್ತದೆ. ಆ ಆರನೇ ವರ್ಷ ಕಷ್ಟದ ವರ್ಷ. ಹಣ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಒಮ್ಮೆ ಐದು ತಿಂಗಳು ಬರಲಿಲ್ಲ, ಹಾಸ್ಟೆಲ್ ಮೆಸ್ಸಿಗೆ ಸಾಲ ಮಾಡಿದಳು. ಪಿಎಚ್‌ಡಿ ಆದ ಮೇಲೂ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಕೆಲಸ. ಕಾಯಂ ಕೆಲಸ ಸಿಗುವ ಹೊತ್ತಿಗೆ ವಯಸ್ಸು 32 ದಾಟಿರುತ್ತದೆ. ಆ ಕಾಯಂ ಹುದ್ದೆಗಳೂ ಕಡಿಮೆ, ಕೇಳುವವರು ಜಾಸ್ತಿ. ಇಲ್ಲಿಯೇ ತುಂಬಾ ಹೆಣ್ಣುಮಕ್ಕಳು ಬಿಟ್ಟು ಹೋಗುವುದು. ಬುದ್ಧಿ ಸಾಲದೆ ಅಲ್ಲ. ಮದುವೆ, ಮಗು, ಊರು ಬದಲಾವಣೆ ಎಲ್ಲ ಅದೇ ವಯಸ್ಸಿಗೆ ಬಂದು ನಿಲ್ಲುತ್ತವೆ. ಪಿಎಚ್‌ಡಿ ನಡುವೆ ಮದುವೆಯಾಗಿ ಚೆನ್ನಾಗಿ ಮುಗಿಸಿದವರು ನನ್ನ ಲ್ಯಾಬಿನಲ್ಲೇ ಮೂವರಿದ್ದಾರೆ. ಮೂವರ ಮನೆಯವರೂ ಏಳು ಗಂಟೆಗೆ ಮನೆಗೆ ಬಾ ಎಂದು ಹಟ ಮಾಡದವರು.

ಕೆಲಸದ ಒಳಗಿನ ಕಷ್ಟವನ್ನೂ ಕೇಳಿ. ಒಂದು ಬೇಸಿಗೆ ರಜೆಯಲ್ಲಿ ನಾನಿದ್ದ ಲ್ಯಾಬಿನ ಮೈನಸ್ 80 ಡಿಗ್ರಿ ಫ್ರೀಜರ್ ರಾತ್ರಿ ಕೈಕೊಟ್ಟಿತು. ಅಲಾರಂ ಕೇಳಿಸಿಕೊಳ್ಳುವವರು ಇರಲಿಲ್ಲ. ಎರಡು ವರ್ಷ ಕೂಡಿಟ್ಟ ರಕ್ತದ ಮಾದರಿಗಳು ಬೆಳಿಗ್ಗೆ ನೀರಾಗಿದ್ದವು. ಇನ್ನೊಮ್ಮೆ ನಾಲ್ಕು ವರ್ಷ ಬೆನ್ನು ಹತ್ತಿದ ಜೀನ್ ಕ್ಯಾನ್ಸರಿಗೆ ಸಂಬಂಧವೇ ಇಲ್ಲದ್ದು ಅಂತ ಗೊತ್ತಾಯಿತು. ಇಂಥ ದಿನ ಬಂದೇ ಬರುತ್ತದೆ. ಮಾರನೇ ದಿನ ಲ್ಯಾಬಿಗೆ ಹೋಗುವವರು ಈ ಕ್ಷೇತ್ರದಲ್ಲಿ ಉಳಿಯುತ್ತಾರೆ. ಪರೀಕ್ಷೆಯ ಅಂಕಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಕಾಫಿ ಬೆಳೆಯುವವರಿಗೆ ಕಾಯುವುದು ನಾನೇನು ಹೇಳಿಕೊಡಲಿ? ಅದರಲ್ಲೂ ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಹತ್ತಿರದ ಕಥೆ ಇದೆ. ಮೈಸೂರು ಸೀಮೆಯ ತೋಟವೊಂದರಲ್ಲಿ 1911ರಲ್ಲಿ ಆರಿಸಿದ ಕೆಂಟ್ಸ್ ತಳಿ ಎಲೆ ತುಕ್ಕು ರೋಗ ತಡೆದುಕೊಳ್ಳುತ್ತಿತ್ತು. ಎಲ್ಲರೂ ಅದನ್ನೇ ಹಾಕಿದರು. ಕೆಲವು ವರ್ಷಕ್ಕೆ ಅದಕ್ಕೂ ತುಕ್ಕು ಹಿಡಿಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ಮೇಯ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಾರಣ ಹಿಡಿದರು: ಬದಲಾಗಿದ್ದು ಗಿಡ ಅಲ್ಲ, ತುಕ್ಕು. ಆ ಶಿಲೀಂಧ್ರದಲ್ಲೇ ಬೇರೆ ಬೇರೆ ಬಗೆಗಳಿದ್ದವು. ಆಮೇಲೆ ಕೆಂಟ್ಸ್ ಜೊತೆ ಇನ್ನೊಂದು ತಳಿ ಕೂಡಿಸಿ ಎಸ್.795 ಮಾಡಿದರು. ನಿಮ್ಮ ತೋಟದಲ್ಲೂ ಒಂದಿಷ್ಟು ಇರಬೇಕು. ಮೊದಲು ಔಷಧಿಗೆ ಕರಗಿದ ಗಡ್ಡೆ ಎರಡು ವರ್ಷ ಬಿಟ್ಟು ಔಷಧಿಗೆ ಬಗ್ಗದೆ ಬೆಳೆಯುತ್ತದಲ್ಲ, ಅದೂ ಹೆಚ್ಚುಕಡಿಮೆ ಇದೇ ಆಟ. ಮಗಳಿಗೆ ಬಾಳೆಹೊನ್ನೂರು ಒಮ್ಮೆ ತೋರಿಸಿ. ತಳಿಶಾಸ್ತ್ರ ಅಂದರೆ ಎಷ್ಟು ನಿಧಾನದ ಕೆಲಸ ಅಂತ ಗಿಡ ನೋಡಿದರೆ ತಿಳಿಯುತ್ತದೆ.

ದಾರಿಗಳ ಬಗ್ಗೆ. ನನ್ನ ಮೊದಲ ಆಯ್ಕೆ ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆ. ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಅದರ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಬಯೋಟೆಕ್ನಾಲಜಿ ಪತ್ರಿಕೆ ಇದೆ. ಅದರ ಮೂಲಕ ಒಳ್ಳೆಯ ಎಂಎಸ್ಸಿಗೂ, ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ದಾರಿ ಇದೆ. ಇಂಟಿಗ್ರೇಟೆಡ್‌ನಲ್ಲಿ ಎಂಎಸ್ಸಿ, ಪಿಎಚ್‌ಡಿ ಎರಡೂ ಒಂದೇ ಕಡೆ. 21ಕ್ಕೇ ಏಳು ವರ್ಷಕ್ಕೆ ಕೈ ಹಾಕಿದ ಹಾಗೆ ಆಗುತ್ತದೆ, ಅದೇ ಅದರ ಲಾಭ ಮತ್ತು ಅಪಾಯ. ಖಚಿತ ಇಲ್ಲದವರು ಬರೀ ಎಂಎಸ್ಸಿಗೆ ಸೇರುವುದೇ ಮೇಲು. ಮೈಸೂರಿನ ಮಾನಸಗಂಗೋತ್ರಿ, ಹಾಸನದ ಹೇಮಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇವುಗಳಲ್ಲಿ ಓದಿ ನೆಟ್ ಪಾಸಾಗಿ ಒಳ್ಳೆ ಲ್ಯಾಬ್ ಸೇರಿದವರು ನನಗೆ ಗೊತ್ತು. ಊರಿನ ಹತ್ತಿರ, ಖರ್ಚು ಕಡಿಮೆ. ಆದರೆ ಅಲ್ಲಿ ಸ್ವಂತ ಓದು ಜಾಸ್ತಿ ಬೇಕು. ಸಾಲ ಮಾಡಿ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಹೊಳೆಯುವ ಕಟ್ಟಡದ ಖಾಸಗಿ ಬಯೋಟೆಕ್ ಕೋರ್ಸಿಗೆ ಮಾತ್ರ ಸೇರಿಸಬೇಡಿ. ಮೆಣಸಿನ ದುಡ್ಡು ಅದಕ್ಕಲ್ಲ.

ಪಿಎಚ್‌ಡಿ ಹಂತ ಬಂದಾಗ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಅನ್ನುವುದು ಮುಖ್ಯ. ಹೆಸರಾಂತ ಜಾಗದಲ್ಲಿ ಕೆಟ್ಟ ಗೈಡ್ ಸಿಕ್ಕಿ ನಲುಗಿದವರನ್ನು ನೋಡಿದ್ದೇನೆ. ಸೇರುವ ಮೊದಲು ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ಕೇಳಬೇಕು. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೆ ಅದೇ ಉತ್ತರ. ಮುಂಬೈ ಬಳಿ ಖಾರ್‌ಘರಿನಲ್ಲಿ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್, ಬೆಂಗಳೂರಿನಲ್ಲಿ ಐಐಎಸ್‌ಸಿ, ಎನ್‌ಸಿಬಿಎಸ್, ಇನ್‌ಸ್ಟೆಮ್, ಜೆಎನ್‌ಸಿಎಎಸ್‌ಆರ್ ಎಂಬ ಸಂಶೋಧನಾ ಸಂಸ್ಥೆಗಳು ಇವೆ. ವಿದೇಶಕ್ಕೆ ಹೋಗಲೇಬೇಕು ಎಂಬ ಕಾಲ ಹೋಯಿತು. ಪೋಸ್ಟ್‌ಡಾಕ್‌ಗೆ ಹೋಗಿ ಬಂದರೆ ಒಳ್ಳೆಯದು, ಅಷ್ಟೆ.

ಎಂಎಸ್ಸಿ ಆದ ಮೇಲೆ ಪಿಎಚ್‌ಡಿ ಬೇಡ ಅನ್ನಿಸಿದರೂ ಬರಿಗೈ ಅಲ್ಲ. ಜೀನ್ ಪರೀಕ್ಷೆ ಮಾಡುವ ಕಂಪನಿಗಳು, ಆಸ್ಪತ್ರೆಗಳ ಔಷಧ ಪ್ರಯೋಗದ ವಿಭಾಗ, ಕಂಪ್ಯೂಟರಿನಲ್ಲಿ ಡಿಎನ್‌ಎ ಓದುವ ಕೆಲಸ, ಜೀನ್ ಪರೀಕ್ಷೆಯ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಕೆಲಸ ಇವೆ. ಕೊನೆಯದಕ್ಕೆ ಕನ್ನಡ ಬಲ್ಲವರು ತುಂಬಾ ಬೇಕು. ಒಂದು ಬಲೆ ಮಾತ್ರ ಇದೆ: ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತ ಸೇರಿ ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹಾರುತ್ತಾ ಐದು ವರ್ಷ ಕಳೆದುಬಿಡುವುದು. ಒಂದು ವರ್ಷ ಸರಿ, ಅನುಭವ ಆಗುತ್ತದೆ. ಎರಡನೇ ವರ್ಷ ಅವಳನ್ನು ಕೂರಿಸಿ ಮಾತಾಡಿ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಮನಸ್ಸಿನಲ್ಲಿ ಇರಬಹುದು. ನಾನು ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿದವನು. ಮೊದಲ ಸೆಮಿನಾರಿನಲ್ಲಿ ಬಾಯಿ ಕಟ್ಟಿ ಹೋಗಿತ್ತು. ಒಂದು ವರ್ಷ ಬೇಕಾಯಿತು. ಆಗುತ್ತದೆ.

ಈಗ ಎರಡನೇ ಗಂಟು. ಎಲ್ಲ ಕ್ಯಾನ್ಸರ್‌ಗಳಲ್ಲಿ ವಂಶದಿಂದ ನೇರವಾಗಿ ಬರುವವು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ನಿಮ್ಮ ಪತ್ನಿಗೆ 41ಕ್ಕೇ ಬಂದಿದೆ, ಒಡಹುಟ್ಟಿದ ಅಕ್ಕನಿಗೂ ಬಂದಿತ್ತು. ಇಂಥ ಮನೆಯಲ್ಲಿ ನಾವು ಜೀನ್ ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಮೊದಲು ಮಾಡಿಸಬೇಕಾದ್ದು ಮಗಳಿಗೆ ಅಲ್ಲ, ತಾಯಿಗೆ. ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಕಾಯಿಲೆ ಬಂದವರಲ್ಲಿ ತಪ್ಪು ಜೀನ್ ಸಿಕ್ಕರೆ, ಮಕ್ಕಳಲ್ಲಿ ಅದೊಂದನ್ನೇ ಹುಡುಕಿದರೆ ಆಯಿತು. ತಾಯಿಯಲ್ಲಿ ಇದ್ದರೆ ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿಲ್ಲ ಅಂತಾದರೆ ಆ ಜೀನಿನ ಹೆದರಿಕೆ ಅಲ್ಲಿಗೆ ಮುಗಿಯಿತು. ಮಗ ಇದ್ದರೆ ಅವನಿಗೂ ಅಷ್ಟೇ ಸಾಧ್ಯತೆ, ಅವನಿಂದ ಅವನ ಮಕ್ಕಳಿಗೆ. ಗಂಡಸರಿಗೆ ಇದು ಸಂಬಂಧ ಇಲ್ಲ ಅನ್ನುವುದು ಇನ್ನೊಂದು ಸುಳ್ಳು. ಬಿಆರ್‌ಸಿಎ ಜೀನಿನಲ್ಲಿ ತಪ್ಪಿರುವ ಹೆಂಗಸರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 70 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಹೆಚ್ಚು. ದೊಡ್ಡ ಸಂಖ್ಯೆ, ಹೌದು. ಆದರೆ ಗೊತ್ತಿದ್ದರೆ ಎಂಆರ್‌ಐ ತಪಾಸಣೆಯನ್ನು 25ರ ಸುಮಾರಿಗೆ ಶುರು ಮಾಡಬಹುದು, ಮುಂದೆ ಬೇರೆ ಆಯ್ಕೆಗಳೂ ಇವೆ. ಮಗಳಿಗೆ ಈಗ 21 ಇರಬಹುದು. ಗಡಿಬಿಡಿ ಇಲ್ಲ. ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಕೆಲವೊಮ್ಮೆ ವರದಿಯಲ್ಲಿ ಇದೆ ಅಂತಲೂ ಇಲ್ಲ ಅಂತಲೂ ಬರುವುದಿಲ್ಲ. ಏನೋ ಬದಲಾವಣೆ ಕಂಡಿದೆ, ಒಳ್ಳೆಯದೋ ಕೆಟ್ಟದ್ದೋ ತಿಳಿಯದು ಅಂತ ಬರುತ್ತದೆ. ಅದನ್ನು ನಂಬಿ ಆಪರೇಷನ್ ಮಾಡಿಸಿಕೊಳ್ಳಬಾರದು. ಇಂಥ ಅಡ್ಡಗೋಡೆ ವರದಿ ನಮ್ಮವರಲ್ಲಿ ಯುರೋಪಿನವರಿಗಿಂತ ಜಾಸ್ತಿ. ಯಾಕೆಂದರೆ ಇಲ್ಲಿಯವರೆಗೆ ಓದಿದ ಜೀನುಗಳಲ್ಲಿ ಹೆಚ್ಚಿನವು ಅವರವು. ಇದನ್ನು ಮಗಳಿಗೆ ಹೇಳಿ ನೋಡಿ. ಅವಳ ಕಣ್ಣು ಅರಳಿದರೆ ಅವಳಿಗೆ ಕೆಲಸ ಬೇಕಾಗಿದೆ. ಮುಖ ಬಾಡಿದರೆ ಅವಳಿಗೆ ಮೊದಲು ತನ್ನ ಉತ್ತರ ಬೇಕಾಗಿದೆ. ಎರಡೂ ಒಟ್ಟಿಗೆ ಇರಬಹುದು, ಪರವಾಗಿಲ್ಲ. ಹೆದರಿಕೆ ಲ್ಯಾಬಿನ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಆರು ವರ್ಷ ಕೂರಿಸುವ ಶಕ್ತಿ ಅದಕ್ಕಿಲ್ಲ.

ಕುತೂಹಲ ಇದೆಯಾ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲಿ. ಎರಡು ತಿಂಗಳು ಲ್ಯಾಬಿನಲ್ಲಿ ಕೂತು, ಹತ್ತು ಸಲ ಕೆಟ್ಟ ಪ್ರಯೋಗ ಹನ್ನೊಂದನೇ ಸಲ ಮಾಡಿ ಬಂದ ಮೇಲೆ ಅವಳೇ ನಿಮಗೆ ಹೇಳುತ್ತಾಳೆ.

ತಾಯಿಯ ಪರೀಕ್ಷೆಯನ್ನು ಅದಕ್ಕಾಗಿ ಕಾಯಿಸಬೇಡಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಬಯಾಪ್ಸಿ ವರದಿ, ಆಪರೇಷನ್ ಕಾಗದ ಹುಡುಕಿ ಒಂದು ಫೈಲಿಗೆ ಹಾಕಿ. ಅಕ್ಕನ ಕಾಗದ ಅವರ ಮನೆಯಲ್ಲಿ ಇದ್ದರೆ ಅದರ ಜೆರಾಕ್ಸ್ ತರಿಸಿ. ಪತ್ನಿಯ ತಾಯಿ, ಚಿಕ್ಕಮ್ಮಂದಿರು, ಅಜ್ಜಿ, ಸೋದರಮಾವಂದಿರು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕೌನ್ಸೆಲರ್ ಮೊದಲು ಕೇಳುವುದೇ ಅದನ್ನು. ಆ ಹಾಳೆಯನ್ನು ಮಗಳ ಕೈಯಲ್ಲೇ ಬರೆಸಿ. ಕೇಳಲು ಧೈರ್ಯ ಬರುತ್ತಿಲ್ಲ ಅಂದಿರಲ್ಲ, ಆ ಮಾತು ಬರೆಯುವಾಗ ತಾನಾಗಿಯೇ ಬರುತ್ತದೆ.